ಸೈಕಲ್ ಪ್ರಶ್ನೋತ್ತರ: ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ?

ಪ್ರಶ್ನೆ: ಯಲಹಂಕದಿಂದ ಹೊರಟು ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರ ಸುತ್ತಿ, ನಂದಿಬೆಟ್ಟ ಹತ್ತಿಳಿದು, ದೇವನಹಳ್ಳಿ ಮೇಲೆ ಒಂದೇ ದಿನದಲ್ಲಿ ವಾಪಸಾಗುವ ಆಸೆ. ಇದುವರೆಗೆ 80 ಕಿ.ಮೀ. ತುಳಿದು ಅಭ್ಯಾಸವಿದೆ. ಡಿಸೆಂಬರ್‌ನಲ್ಲಿ ಹೊರಡಬೇಕೆಂದಿದ್ದೇವೆ. ಹೇಗೆ ಯೋಜಿಸಬೇಕು?
– ಯಲಹಂಕದ ಓದುಗರು

ಉತ್ತರ: ಒಟ್ಟು ಸುಮಾರು 160 ಕಿ.ಮೀ. ಆಗುತ್ತದೆ. ನೀವು ಬರೆದ ಕ್ರಮ ಪ್ರದಕ್ಷಿಣೆಯದು. ಡಿಸೆಂಬರ್‌ನಲ್ಲಾದರೆ ಅದನ್ನು ತಿರುಗಿಸಿ, ದೇವನಹಳ್ಳಿ ಕಡೆಯಿಂದ ಶುರು ಮಾಡಿ. ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಬೆಳಿಗ್ಗೆ ತಣ್ಣಗಿದ್ದು ಬಿಸಿಲೇರಿದಂತೆ ಜೋರಾಗುತ್ತದೆ. ಅಪ್ರದಕ್ಷಿಣೆಯಾಗಿ ಹೋದರೆ ಎದುರುಗಾಳಿ ಏಳುವ ಮೊದಲೇ ಉತ್ತರಕ್ಕೆ ಸಾಗಿರುತ್ತೀರಿ. ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ನಂದಿಯೂ 40 ಕಿ.ಮೀ. ಹೊತ್ತಿಗೆ, ಕಾಲು ಇನ್ನೂ ಹೊಸದಾಗಿರುವಾಗಲೇ ಸಿಗುತ್ತದೆ.

ಎಲ್ಲರೂ ಹೆದರುವುದು ನಂದಿಗೆ. ಆದರೆ ಈ ಸುತ್ತಿನಲ್ಲಿ ನಿಜವಾಗಿ ಕಾಲು ಕೇಳುವುದು ಗೌರಿಬಿದನೂರು ದಾಟಿದ ಮೇಲೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಉತ್ತರ ಪಿನಾಕಿನಿಯ ದಂಡೆಯ ಗೌರಿಬಿದನೂರು 700ರ ಆಸುಪಾಸು. ಹೋಗುವಾಗ ಸುಖವಾಗಿ ಇಳಿದಿದ್ದು ಸಾಲ. ತೊಂಡೇಭಾವಿ, ಮಾಕಳಿ ದಾರಿಯ 40 ಕಿ.ಮೀ.ನಲ್ಲಿ, ಅದೂ ಮಧ್ಯಾಹ್ನದ ಬಿಸಿಲಲ್ಲಿ, ತೀರಿಸಬೇಕು. ಏರು ಕಣ್ಣಿಗೆ ಕಾಣುವಂಥದ್ದಲ್ಲ. ಕಾರಣವೇ ಇಲ್ಲದೆ ವೇಗ 22ರಿಂದ 16ಕ್ಕೆ ಇಳಿದಾಗ ‘ಬ್ರೇಕ್ ಹಿಡಿದಿದೆಯೇನೋ’ ಎಂದು ಚಕ್ರ ತಿರುಗಿಸಿ ನೋಡುವವರೇ ಹೆಚ್ಚು. ಹಾಗಾಗಿ ನಂದಿಯಲ್ಲಿ ಪೌರುಷ ತೋರಿಸಬೇಡಿ. ಮಾತಾಡಲು ಉಸಿರಿರುವಷ್ಟೇ ತುಳಿಯಿರಿ.

ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ. ಆಗ ಪ್ರದಕ್ಷಿಣೆಯೇ ಸರಿ. ಆದರೆ ನಂದಿ 100 ಕಿ.ಮೀ. ದಾಟಿದ ಮೇಲೆ ಬರುತ್ತದೆ, ಮೊದಲ ಸಲದವರು ಅದನ್ನು ಕೈಬಿಡುವುದು ವಾಸಿ.

ಹೊತ್ತಿನ ಲೆಕ್ಕ: 200 ಕಿ.ಮೀ. ಬ್ರೆವೆಗೆ (ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ) ಕೊಡುವುದು 13 ಗಂಟೆ 30 ನಿಮಿಷ, ಅಂದರೆ ನಿಂತ ಹೊತ್ತೂ ಸೇರಿ ಗಂಟೆಗೆ 15 ಕಿ.ಮೀ. ನಿಮಗೂ ಅದೇ ಅಳತೆ ಸಾಕು. ಬೆಳಿಗ್ಗೆ 5ಕ್ಕೆ ದೀಪ ಹಚ್ಚಿ ಹೊರಟರೆ ಗೌರಿಬಿದನೂರಿಗೆ 12ರ ಸುಮಾರಿಗೆ ಬರುತ್ತೀರಿ. 1 ಗಂಟೆಯಾದರೂ ತಲುಪದಿದ್ದರೆ ಉಳಿದ 60 ಕಿ.ಮೀ. ಕತ್ತಲಿಗೆ ಬೀಳುತ್ತದೆ. ಅಲ್ಲೇ ನಿಲ್ಲಿಸಿ ಗೂಡ್ಸ್ ಆಟೊ ಹಿಡಿಯಿರಿ, ನಾಚಿಕೆಯೇನಿಲ್ಲ. 80ರಿಂದ 160ಕ್ಕೆ ಒಮ್ಮೆಲೇ ಹಾರಬೇಡಿ; ವಾರಕ್ಕೊಂದು ಉದ್ದದ ಸವಾರಿ, ಪ್ರತಿಸಲ 10–15 ಕಿ.ಮೀ. ಏರಿಸಿ, 130 ಮುಟ್ಟಿದ ಮೇಲೆ ಒಂದು ವಾರ ಹಗುರವಾಗಿರಿ.

ಪ್ರಶ್ನೆ: ನನ್ನ ರೋಡ್ ಬೈಕ್‌ನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರ 25ರದು, ಮುಂದಿನ ಸಣ್ಣದು 34. ನಂದಿಗೆ ಸಾಕೇ?
– ಮಲ್ಲೇಶ್ವರದ ಓದುಗರು

ಉತ್ತರ: ಹತ್ತಬಹುದು, ಮೊಣಕಾಲು ಬೈಯುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ 34-25ರಲ್ಲಿ ಗಂಟೆಗೆ 10 ಕಿ.ಮೀ. ಓಡಬೇಕಾಗುತ್ತದೆ, ಕಡಿದಾದ ತಿರುವಿನಲ್ಲಿ ಅಷ್ಟು ವೇಗ ಬಾರದೆ ತುಳಿತ 40ಕ್ಕೆ ಕುಸಿಯುತ್ತದೆ. 32 ಹಾಕಿಸಿದರೆ ಅದೇ 60 ಸುತ್ತಿಗೆ 8 ಕಿ.ಮೀ. ಸಾಕು. ಹಾಕಿಸುವ ಮುಂಚೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರ್ ಭಾಗ) ಎಷ್ಟು ಹಲ್ಲಿನ ತನಕ ತಡೆಯುತ್ತದೆ ಎಂದು ಕೇಳಿ. ಗಿಡ್ಡ ಕೇಜ್‌ನ (ಡಿರೇಲರ್‌ನ ಪುಟ್ಟ ಚಕ್ರಗಳನ್ನು ಹಿಡಿದಿರುವ ತೋಳು) ಹಳೆಯ ಮಾದರಿಗಳು ಅನೇಕ 28ಕ್ಕೇ ನಿಲ್ಲುತ್ತವೆ. ಚೈನೂ ಉದ್ದದ್ದು ಬೇಕಾಗಬಹುದು. ಇಳಿಯುವಾಗ ರಿಮ್ ಬ್ರೇಕ್ ಒತ್ತಿಹಿಡಿದೇ ಬರಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಿ.

ಪ್ರಶ್ನೆ: ಹಳ್ಳಿ ದಾರಿಯಲ್ಲಿ ಏನು ಕೆಡುತ್ತದೆ, ಏನು ಒಯ್ಯಬೇಕು?
– ಜಯನಗರದ ಓದುಗರು

ಉತ್ತರ: ಮೊದಲನೆಯದು ಜಾಲಿಮುಳ್ಳು. ಪಂಕ್ಚರ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಯಿತೆಂದರೆ ಮುಳ್ಳಿನ ತುದಿ ಟೈರ್‌ನಲ್ಲೇ ಉಳಿದಿದೆ ಎಂದರ್ಥ. ಟೈರ್ ಕೂರಿಸುವಾಗಲೇ ಅದರ ಮೇಲಿನ ಹೆಸರು ವಾಲ್ವ್ ಪಕ್ಕದಲ್ಲೇ ಬರುವಂತೆ ಇಟ್ಟಿದ್ದರೆ, ಟ್ಯೂಬ್‌ನ ತೂತಿನಿಂದ ಟೈರ್‌ನ ಜಾಗ ನೇರವಾಗಿ ಸಿಗುತ್ತದೆ. ಅಲ್ಲಿ ಒಳಗಡೆಯಿಂದ ಬಟ್ಟೆ ಸವರಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ.

ಟ್ಯೂಬ್ ಎರಡು ಒಯ್ಯಲೇಬೇಕು. ಹಳ್ಳಿ ಅಂಗಡಿಯ 28 ಇಂಚು ನಿಮ್ಮ 700ಸಿ (ರೋಡ್ ಬೈಕ್ ಚಕ್ರದ ಅಳತೆ) ಅಲ್ಲ: ಅದು 635 ಮಿ.ಮೀ. ರಿಮ್‌ನದು, ನಿಮ್ಮದು 622. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಜೇಬಿನಲ್ಲಿರಲಿ, ಸ್ಕೂಟರ್‌ಗೆ ಗಾಳಿ ಹಾಕುವಲ್ಲೂ ಕೆಲಸವಾಗುತ್ತದೆ.

ಎರಡನೆಯದನ್ನು ಪೇಟೆಯವರು ಊಹಿಸುವುದೂ ಇಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆ ರಸ್ತೆಗೇ ಹರಡಿರುತ್ತಾರೆ. ಲಾರಿ ಸಲೀಸಾಗಿ ದಾಟುತ್ತದೆ. ಸೈಕಲ್ಲಿಗೆ ಮಾತ್ರ ಹುರುಳಿ ಬಳ್ಳಿ ಡಿರೇಲರ್‌ನ ಪುಟ್ಟ ಚಕ್ರಗಳಿಗೆ ಸುತ್ತಿ, ಡಿರೇಲರ್ ಅನ್ನೇ ಕಡ್ಡಿಗಳೊಳಗೆ ಎಳೆದು, ಹ್ಯಾಂಗರ್ (ಡಿರೇಲರ್ ಅನ್ನು ಫ್ರೇಮ್‌ಗೆ ಕೂಡಿಸುವ ತುಂಡು) ಮುರಿಯುತ್ತದೆ. ಇಳಿದು, ಹಿಂದಿನ ಚಕ್ರ ಎತ್ತಿಕೊಂಡು ದಾಟಿ. ಹ್ಯಾಂಗರ್ ಒಂದೊಂದು ಫ್ರೇಮ್‌ಗೆ ಒಂದೊಂದು ಥರ, ನಿಮ್ಮದರ ಜೋಡಿ ಮನೆಯಿಂದಲೇ ತರಬೇಕು. ಇಲ್ಲದಿದ್ದರೆ ಚೈನ್ ಟೂಲ್‌ನಿಂದ ಚೈನ್ ಕಳಚಿ, ಡಿರೇಲರ್‌ನಿಂದ ಬಿಡಿಸಿ, ಗಿಡ್ಡ ಮಾಡಿ, ಮುಂದೆ ಸಣ್ಣದು ಹಿಂದೆ ನಡುವಿನದಕ್ಕೆ ನೇರ ಹಾಕಿ ಕ್ವಿಕ್ ಲಿಂಕ್‌ನಿಂದ (ಚೈನಿನ ಎರಡು ತುದಿ ಸೇರಿಸುವ ಕೊಂಡಿ) ಕೂಡಿಸಿದರೆ ಊರು ಮುಟ್ಟಬಹುದು.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಜೊತೆಗೆ ಓಆರ್‌ಎಸ್. ಹಸಿವಾದ ಮೇಲೆ ತಿಂದರೆ ತಡವಾಯಿತು. ಮೊದಲ ಗಂಟೆಯಿಂದಲೇ ಒಂದು ಬಾಳೆಹಣ್ಣು, ಒಂದು ಕಡಲೆಕಾಯಿ ಚಿಕ್ಕಿಯಂತೆ ಸಾಗಲಿ. ದಾರಿಯಲ್ಲಿ ಇಡ್ಲಿ, ಚಿತ್ರಾನ್ನ ಸರಿ. ಮುದ್ದೆ ಊಟವನ್ನು ಮನೆಗೆ ಬಂದ ಮೇಲೆ ಮಾಡಿ, ಗೌರಿಬಿದನೂರಿನಲ್ಲಿ ಬೇಡ.