ಮೆಟ್ನರ್ ಬರೀ ಮಹಾರಾಜರ ದುಡ್ಡಿನಿಂದ ಉಳಿದವರಲ್ಲ

ರಷ್ಯಾದ ಪಿಯಾನೊ ವಾದಕ, ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಒಣಕಲು, ಮೈಸೂರು ಮಹಾರಾಜರ ದುಡ್ಡಿನಿಂದಷ್ಟೇ ಹೆಸರು ಉಳಿಯಿತಾ ಅಂತ ಕೇಳಿದ್ದೀರಿ. ನಾನು ಒಪ್ಪುವುದಿಲ್ಲ.

ಜಯಚಾಮರಾಜ ಒಡೆಯರು ಹಣ ಕೊಟ್ಟಿದ್ದು ನಿಜ. ಅದರಿಂದಲೇ 1940ರ ದಶಕದ ಕೊನೆಯಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿಗಳು) ತಾವೇ ನುಡಿಸಿ ರೆಕಾರ್ಡ್ ಮಾಡಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. ಆದರೆ ಅದಕ್ಕೂ ಎಷ್ಟೋ ಮೊದಲೇ ರಷ್ಯಾದ ಹೆಸರಾಂತ ರಚನೆಕಾರ ರಾಖ್ಮನಿನೋವ್ ತಮ್ಮ ನಾಲ್ಕನೇ ಕಾನ್ಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ್ದರು. ಅಂಥವರು ಸುಮ್ನೆ ಮೆಚ್ಚುತ್ತಾರಾ?

ಹೊಸ ಬಗೆಯ ಸಂಗೀತ ತಂದ ಸ್ಟ್ರಾವಿನ್ಸ್ಕಿ ಕಾಲದಲ್ಲೂ ಮೆಟ್ನರ್ ಹಳೆಯ ಜಾಡು ಬಿಡಲಿಲ್ಲ, ಆ ದೂರು ಸರಿ. ರಾಗ ತಕ್ಷಣ ಕಿವಿಗೆ ಅಂಟುವುದೂ ಇಲ್ಲ. ಆದರೂ ಅವರ ಪಿಯಾನೊ ಕೃತಿ 'ಸೊನಾಟ ರೆಮಿನಿಸೆನ್ಜಾ' ಇವತ್ತು ಕೇಳಿ, ನಾಳೆ ಮತ್ತೆ ಕೇಳಿ. ಶುರುವಿನ ಆ ಮೆಲುದನಿ ಮಧ್ಯೆ ಒಮ್ಮೆ, ಕೊನೆಗೊಮ್ಮೆ ಮರಳಿ ಬರುತ್ತದೆ. ಎರಡನೇ ಸಲ ಕೇಳುವಾಗ ನನಗೆ ಗಂಟಲು ಕಟ್ಟಿತ್ತು.