ಚಿತ್ರಕ್ಕೆ ಬೆಳಕಿನ ಬೀಗ ಹಾಕಿದರೆ ಸಾಕೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಡಬಲ್ ರ‍್ಯಾಂಡಮ್ ಫೇಸ್ ಎನ್‌ಕೋಡಿಂಗ್ ವಿಧಾನವನ್ನು (ಬೆಳಕಿನ ಅಲೆಗಳನ್ನು ಕಲಸಿ ಚಿತ್ರವನ್ನು ಗುಟ್ಟಾಗಿಡುವುದು) ಕಂಪ್ಯೂಟರಿನಲ್ಲೇ ಮಾಡಿ ನೋಡಿದೆ. ಚಿತ್ರದ ಗುರುತೇ ಸಿಗದಂತಾಯಿತು. ಇದನ್ನೇ ಎಕ್ಸ್‌ರೇ ಚಿತ್ರಗಳ ಸುರಕ್ಷತೆಗೆ ಬಳಸಬಹುದೇ?

ಉತ್ತರ: ಪ್ರಾಜೆಕ್ಟಿಗೆ ಧಾರಾಳವಾಗಿ ಬಳಸಿ. ರೋಗಿಗಳ ಎಕ್ಸ್‌ರೇಗೆ ಬೇಡ.

ರೆಫ್ರೆಜಿಯೆ ಮತ್ತು ಜಾವಿದಿ ಎಂಬ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ ವಿಧಾನ ಇದು. ಚಿತ್ರಕ್ಕೆ ತಾಗಿದಂತೆ ಒಂದು ಮಾಸ್ಕ್ ಇಟ್ಟು ಲೇಸರ್ ಹಾಯಿಸುತ್ತಾರೆ. ಮಾಸ್ಕ್ ಬೆಳಕನ್ನು ತಡೆಯುವುದಿಲ್ಲ, ಒಂದೊಂದು ಜಾಗದಲ್ಲಿ ಅಲೆಯನ್ನು ಒಂದೊಂದಷ್ಟು ಯದ್ವಾತದ್ವಾ ತಡಮಾಡಿಸುತ್ತದೆ, ಅಂದರೆ ಅಲೆಯ ಫೇಸ್ ಬದಲಿಸುತ್ತದೆ, ಅಷ್ಟೇ. ಲೆನ್ಸು ಚಿತ್ರದ ಫೂರಿಯರ್ ರೂಪವನ್ನು (ಚಿತ್ರವನ್ನು ಬೇರೆ ಬೇರೆ ಅಲೆಗಳಾಗಿ ಬಿಡಿಸಿದ ರೂಪ) ಮೂಡಿಸುತ್ತದಲ್ಲ, ಅಲ್ಲಿ ಎರಡನೇ ಮಾಸ್ಕ್. ಇನ್ನೊಂದು ಲೆನ್ಸು ದಾಟಿದ ಮೇಲೆ ಕಾಣುವುದು ಬರೀ ಕಲಸುಮೇಲೋಗರ. ಮಾಮೂಲಿ ಕಪ್ಪುಬಿಳುಪು ಚಿತ್ರವಾದರೆ ಬಿಡಿಸಲು ಎರಡನೇ ಮಾಸ್ಕ್ ಒಂದೇ ಸಾಕು. ಅದೇ ಕೀಲಿ.

ಇದರ ಒಂದು ಗುಣ ನನಗೆ ಬಹಳ ಇಷ್ಟ. ಎನ್‌ಕ್ರಿಪ್ಟ್ ಆದ ಚಿತ್ರದ ಅರ್ಧ ಭಾಗ ಅಳಿಸಿ ಬಿಡಿಸಿ ನೋಡಿ. ಮೂಲ ಚಿತ್ರ ಪೂರ್ತಿಯಾಗಿಯೇ ಬರುತ್ತದೆ, ಸ್ವಲ್ಪ ಮಸುಕು, ಸ್ವಲ್ಪ ಮರಳು ಮರಳು. ಒಂದೊಂದು ಚುಕ್ಕಿಯ ಮಾಹಿತಿಯೂ ಎಲ್ಲ ಕಡೆ ಹರಡಿಕೊಂಡಿರುತ್ತದೆ, ಅದಕ್ಕೆ.

ಆದರೆ ಇಡೀ ಲೆಕ್ಕ ರೇಖೀಯ, ಅಂದರೆ ಎರಡು ಚಿತ್ರ ಕೂಡಿಸಿ ಹಾಕಿದರೆ ಹೊರಬರುವುದೂ ಅವೆರಡರ ಮೊತ್ತವೇ. ಅಲ್ಲೇ ಎಡವಟ್ಟು. ನೀವೇ ಕಳ್ಳರಾಗಿ ನೋಡಿ: ಪೂರ್ತಿ ಕಪ್ಪು ಚಿತ್ರದ ನಡುವೆ ಒಂದೇ ಒಂದು ಬಿಳಿ ಚುಕ್ಕಿ ಇಟ್ಟು ಎನ್‌ಕ್ರಿಪ್ಟ್ ಮಾಡಿಸಿ. ಒಂದು ಚುಕ್ಕಿಯ ಫೂರಿಯರ್ ರೂಪ ಎಲ್ಲ ಕಡೆ ಒಂದೇ ಸಮ. ಹಾಗಾಗಿ ಅದರ ಮೇಲೆ ಉಳಿಯುವುದು ಎರಡನೇ ಮಾಸ್ಕಿನ ಅಚ್ಚು ಮಾತ್ರ. ಹೊರಬಂದದ್ದಕ್ಕೆ ಇನ್ನೊಮ್ಮೆ ಫೂರಿಯರ್ ಹಾಕಿದರೆ ಕೀಲಿ ಕೈಗೆ ಬಂತು! ಅದೇ ಮಾಸ್ಕಿನಲ್ಲಿ ಮುಚ್ಚಿಟ್ಟ ಎಲ್ಲ ಚಿತ್ರವೂ ಬಯಲು. 2005ರಿಂದ ಈಚೆಗೆ ಇದನ್ನು ಒಡೆಯುವ ದಾರಿಗಳು ಒಂದಾದ ಮೇಲೊಂದು ಪ್ರಕಟವಾಗಿವೆ. ಕಣ್ಣಿಗೆ ಗುರುತು ಸಿಗದಿದ್ದರೆ ಭದ್ರ ಅಂತಲ್ಲ, ಅಲ್ವಾ?

ಎಕ್ಸ್‌ರೇಗೆ 2001ರಲ್ಲಿ ಅಮೆರಿಕ ಮಾನದಂಡವಾಗಿ ಒಪ್ಪಿದ ಎಇಎಸ್ ಎಂಬ ಗೂಢಲಿಪಿ ವಿಧಾನ ಇದೆ, ಜಿಸಿಎಂ ವಿಧದಲ್ಲಿ ಬಳಸಿ. ಯಾರಾದರೂ ಫೈಲ್ ತಿದ್ದಿದ್ದರೂ ಗೊತ್ತಾಗುತ್ತದೆ.

ಪ್ರಾಜೆಕ್ಟಿನಲ್ಲಿ ಆ ಬಿಳಿ ಚುಕ್ಕಿಯ ದಾಳಿಯನ್ನೂ ಮಾಡಿ ತೋರಿಸಿ. ಸುಮ್ನೆ ಬೀಗ ಹಾಕಿ ತೋರಿಸುವುದಕ್ಕಿಂತ ಅದಕ್ಕೇ ತೂಕ ಜಾಸ್ತಿ. ಮತ್ತೆ, ಹೊರಬಂದದ್ದನ್ನು ಜೆಪೆಗ್ ಮಾಡಿ ಉಳಿಸಬೇಡಿ. ಅಲೆಯ ಫೇಸ್ ಅದರಲ್ಲಿ ಉಳಿಯುವುದಿಲ್ಲ, ಆಮೇಲೆ ಸರಿಯಾದ ಕೀಲಿ ಇದ್ದರೂ ಚಿತ್ರ ಬಿಡಿಸಲಾಗುವುದಿಲ್ಲ. ಹೊರಬರುವುದು ಸಂಕೀರ್ಣ ಸಂಖ್ಯೆಗಳು, ಅವುಗಳ ರಿಯಲ್, ಇಮ್ಯಾಜಿನರಿ ಎರಡೂ ಭಾಗಗಳನ್ನು ಸಂಖ್ಯೆಗಳಾಗಿಯೇ ಇಟ್ಟುಕೊಳ್ಳಿ.