ಸ್ಯಾನ್ ಸ್ಟಾರ್ಮ್‌ಗೆ ಜೋಡಿ ಸೈಲೆನ್ಸರ್: ಮಂಡ್ಯದವರ ಪ್ರಶ್ನೆಗೆ

ಸರ್, ಫೋಟೋ ನೋಡಿದೆ. ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಕಾರು ಮಂಡ್ಯದ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಕೂತಿರೋದು ಕಂಡು ಖುಷಿಯಾಯ್ತು. ನೀವು ಕೇಳಿದ್ದು ಮೂರು. ಈಗಿರೋ ಒಂದೇ ಪೈಪ್ ತೆಗೆದು ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್ ಹಾಕಿಸಿದರೆ ಪವರ್ ಜಾಸ್ತಿಯಾಗುತ್ತಾ, ಪೂರ್ತಿ ಸ್ಟೀಲಿನಲ್ಲೇ ಮಾಡಿಸಬಹುದಾ, ಗ್ಯಾರೇಜಿನವರು ಹೇಳಿದಂತೆ ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಸಿಬಿಡಲಾ ಅಂತ.

ಕೊನೆಯದಕ್ಕೆ ಮೊದಲು ಉತ್ತರ: ತೆಗೆಸಬೇಡಿ. ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಗುತ್ತೆ, ವಾಸನೆಗೆ ಕಣ್ಣು ಉರಿಯುತ್ತೆ, ಸಿಗೋ ಪವರ್ ನಿಮ್ಮ ಕಾಲಿಗೆ ಗೊತ್ತೇ ಆಗಲ್ಲ. ಸಿಲಿಂಡರ್‌ಗಳ ಹೊಗೆ ಒಟ್ಟಾಗೋ ಮ್ಯಾನಿಫೋಲ್ಡ್‌ನಿಂದ ಕ್ಯಾಟ್‌ವರೆಗೆ ಏನಿದೆಯೋ ಅದನ್ನ ಮುಟ್ಟಲೇಬೇಡಿ. ನಿಮ್ಮ ಕೆಲಸ ಅಲ್ಲಿಂದ ಹಿಂದಕ್ಕೆ.

ಇನ್ನು ಪವರ್. ನಿಮ್ಮದು ರೆನೋದ 1149 ಸಿಸಿ ಇಂಜಿನ್. ನಾಲ್ಕು ಸಿಲಿಂಡರೂ ಒಂದೇ ಸಾಲು, ನಾಲ್ಕರ ಹೊಗೆಯೂ ಒಂದೇ ಮ್ಯಾನಿಫೋಲ್ಡ್‌ಗೆ ಬಂದು ಸೇರೋದು. ಸಿಲಿಂಡರ್ ಎರಡು ಸಾಲಾಗಿರೋ ವಿ6, ವಿ8 ಇಂಜಿನ್ ಆದರೆ ಎರಡು ಕಡೆಗೂ ಬೇರೆ ಬೇರೆ ಮ್ಯಾನಿಫೋಲ್ಡ್ ಇರುತ್ತೆ, ಅಲ್ಲಿ ಎರಡು ಪೈಪ್‌ಗೆ ಅರ್ಥ ಇದೆ. ನಮ್ಮ ಮೈಸೂರಿನವರು ಇಲ್ಲಿ ಥಟ್ ಅಂತ ಯೆಜ್ಡಿ ಹೆಸರು ತೆಗೀತಾರೆ: ಯಾದವಗಿರಿ ಫ್ಯಾಕ್ಟರಿಯ ಗಾಡಿಗೆ ಒಂದೇ ಸಿಲಿಂಡರ್ ಇದ್ದರೂ ಎರಡು ಸೈಲೆನ್ಸರ್ ಇತ್ತಲ್ಲ ಅಂತ. ಇತ್ತು ಸ್ವಾಮಿ, ಆದರೆ ಆ ಸಿಲಿಂಡರಿನಲ್ಲೇ ಹೊಗೆ ಹೊರಬರೋ ಎಕ್ಸಾಸ್ಟ್ ಪೋರ್ಟ್ ಎರಡು ಇತ್ತು. ನಿಮ್ಮ ಕಾರಿನಲ್ಲಿ ಆಗೋದು ಬಾಲದಲ್ಲಿ ಕವಲು ಒಡೆಯೋದು ಮಾತ್ರ. ನೋಟಕ್ಕೆ ಚೆಂದ, ಸೌಂಡ್ ಸ್ವಲ್ಪ ಗಂಭೀರ. ಅಷ್ಟಕ್ಕೆ ಆಸೆ ಇದ್ದರೆ ಮಾಡಿಸಿ, ತಪ್ಪೇನಿಲ್ಲ. ನಾನೂ ಅದೇ ಆಸೆಗೆ ಮಾಡಿಸಿದವನೇ.

ಕೆಟ್ಟಿದ್ದು ಹೇಗೆ ಅಂತಲೂ ಹೇಳ್ತೀನಿ. ನನ್ನದು 1.8 ಇಸುಜು ಇಂಜಿನ್ನಿನ ಕಾಂಟೆಸ್ಸಾ. ಫ್ಯಾಬ್ರಿಕೇಶನ್ ಮಾಡಿದವರು ಬಲಗಡೆಗೆ ಪೈಪ್ ನೇರ ಬಿಟ್ಟು, ಎಡಗಡೆಗೆ ಅದರ ಹೊಟ್ಟೆಗೆ ತೂತು ಕೊರೆದು ಟಿ ಥರ ಒಂದು ಪೈಪ್ ಅಂಟಿಸಿದರು. ಕೆಲಸ ಬೇಗ ಮುಗೀತು, ನಾನೂ ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಎರಡು ಮಳೆಗಾಲ ಕಳೆದಿತ್ತು. ಒಂದು ದಿನ ಗಾಡಿ ರ‍್ಯಾಂಪ್ ಮೇಲಿದ್ದಾಗ ಹುಡುಗ ಎಡಗಡೆ ಸೈಲೆನ್ಸರ್ ಡಬ್ಬವನ್ನ ಸ್ಕ್ರೂಡ್ರೈವರಿನಲ್ಲಿ ತಟ್ಟಿದ, ಸ್ಕ್ರೂಡ್ರೈವರ್ ಒಳಗೇ ಹೋಯ್ತು. "ಸಾ, ಹಪ್ಪಳ ಆಗದೆ" ಅಂದ. ಪಕ್ಕದಲ್ಲಿ ಬಲಗಡೆಯದು ಹೊಸದರ ಥರ ಇದೆ!

ಕಾರಣ ಇಷ್ಟೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಬರುತ್ತೆ. ಸೈಲೆನ್ಸರ್ ಚೆನ್ನಾಗಿ ಕಾದರೆ ಅದು ಹಾರಿಹೋಗುತ್ತೆ, ಕಾಯದಿದ್ದರೆ ಒಳಗೇ ನಿಲ್ಲುತ್ತೆ. ವಿ.ಸಿ. ನಾಲೆ ಕಡೆಯವರಾದ ನಿಮಗೆ ನಾನು ಹೇಳಬೇಕಾ? ನೇರ ಹೋಗೋ ಕಾಲುವೆಗೆ ನೀರೆಲ್ಲ ನುಗ್ಗುತ್ತೆ, ಅಡ್ಡ ಸೀಳಿದ ಕಾಲುವೆಯ ಕೊನೆಯ ಗದ್ದೆ ಒಣಗುತ್ತೆ. ಹೊಗೆಯೂ ಹಂಗೇ, ಕೊನೆಗೆ ಆಗೋದು ಮಾತ್ರ ಉಲ್ಟಾ: ಬಿಸಿ ಸಾಲದ ಡಬ್ಬ ನೀರು ಕುಡಿದು ಕೊಳೆಯುತ್ತೆ. ಅದಕ್ಕೇ ಟಿ ಬೇಡ, ವೈ ಬೇಕು. ಎರಡು ಕವಲೂ ಒಂದೇ ಕೋನದಲ್ಲಿ ಹೊರಡಬೇಕು, ಉದ್ದವೂ ಆದಷ್ಟು ಸಮ ಇರಬೇಕು. ಡಬ್ಬದ ತೀರಾ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಒಂದೊಂದು ಹೊಡೆಸಿ, ನೀರು ಸೋರಿಹೋಗಲಿ.

ಪೈಪ್ ಸೈಜ್ ವಿಷಯದಲ್ಲಿ ದುರಾಸೆ ಬೇಡ. 38 ಮಿ.ಮೀ. ಒಂದು ಪೈಪಿನಷ್ಟೇ ಜಾಗ ಎರಡರಲ್ಲಿ ಹಂಚಿದರೆ ತಲಾ 27 ಮಿ.ಮೀ. ಸಾಕಾಗುತ್ತೆ. ಎರಡು ಪೈಪಿನ ಒಳಮೈ ಉಜ್ಜಾಟ ಜಾಸ್ತಿ ಇರೋದರಿಂದ 32 ಇಟ್ಟುಕೊಳ್ಳಿ. ಹಿಂದೆ ದಪ್ಪ ಕಾಣಬೇಕು ಅಂದರೆ ಕೊನೆಯ ಟಿಪ್ ದಪ್ಪ ಹಾಕಿಸಿ. ಎರಡೂ ಕಡೆ 50 ಎಂಎಂ ಎಳೆದರೆ ಹೊಗೆಯ ವೇಗ ಸತ್ತು ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಎಳೆಯಲ್ಲ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಗೊತ್ತಾಗುತ್ತೆ.

ಸ್ಟೀಲ್ ಅಂದರೆ ಯಾವ ಸ್ಟೀಲ್ ಅಂತ ಕೇಳಿ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಸ್ಟೀಲಿನಲ್ಲಿ 304, 409 ಅಂತ ಗ್ರೇಡ್ ಇರುತ್ತೆ. 304 ಪೈಪಿಗೆ ಅಂಟಲ್ಲ (ಬೆಂಡ್ ಮಾಡಿದ ಕಡೆ ಸ್ವಲ್ಪ ಎಳೆಯಬಹುದು), 409 ಆದರೆ ಗಪ್ ಅಂತ ಅಂಟುತ್ತೆ. 409 ಕೆಟ್ಟದ್ದಲ್ಲ, ಕಂಪನಿ ಸೈಲೆನ್ಸರ್‌ಗಳಲ್ಲೇ ಬಳಸೋದು, ಮೇಲೆ ಕಂದು ಬಣ್ಣ ಬರುತ್ತೆ ಅಷ್ಟೆ. ಆದರೆ 304 ದುಡ್ಡು ಕೊಟ್ಟು 409 ತರಬೇಡಿ. ಅಗ್ಗ ಅಂತ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಮಾತ್ರ ಯಾರೇ ಹೇಳಿದರೂ ಬೇಡ. ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತೆ.

304 ಹಾಕಿಸಿದರೆ ಇನ್ನೊಂದು ಲೆಕ್ಕ ನೆನಪಿಡಿ. ಎರಡೂವರೆ ಮೀಟರ್ ಪೈಪ್ 300 ಡಿಗ್ರಿ ಕಾದರೆ 12–13 ಮಿ.ಮೀ. ಬೆಳೆಯುತ್ತೆ, ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಆದರೆ 9. ಅದನ್ನ ಬಾಡಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿದರೆ ವೆಲ್ಡಿಂಗ್ ಸೀಳುತ್ತೆ. ರಬ್ಬರ್ ಹ್ಯಾಂಗರಿನಲ್ಲೇ ತೂಗಬೇಕು, ಮುಂದೆ ಒಂದು ಬಳುಕೋ ಫ್ಲೆಕ್ಸ್ ಪೈಪ್ ಇರಲೇಬೇಕು. ಬಂಪರ್ ಕೆಳಗೆ ಟಿಪ್ ಸುತ್ತ ಒಂದು ಬೆರಳು ಆಡುವಷ್ಟು ಜಾಗ ಬಿಡಿಸಿ.

ಬೆಂಡ್‌ಗೆ, ಪೈಪ್ ಚಪ್ಪಟೆಯಾಗದಂತೆ ಬಗ್ಗಿಸೋ ಮ್ಯಾಂಡ್ರೆಲ್ ಮೆಷಿನ್ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ರೆಡಿ ಬೆಂಡ್ ತಂದು ಕತ್ತರಿಸಿ ಜೋಡಿಸಲಿ. ಹಳಬರು ಪೈಪಿಗೆ ಮರಳು ತುಂಬಿ, ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸ್ತಾರೆ. ಎಂಎಸ್ ಪೈಪಿಗೆ ಅದೂ ನಡೆಯುತ್ತೆ, ಆದರೆ ಮರಳು ಹುರಿದು ಒಣಗಿಸಿದ್ದಾ ಅಂತ ಕೇಳಿ. ಒದ್ದೆ ಮರಳಿನ ಆವಿಗೆ ಬಿರಡೆ ಗುಂಡಿನ ಥರ ಹಾರುತ್ತೆ. ಸ್ಟೀಲಿಗೆ ಆರ್ಗನ್ ವೆಲ್ಡಿಂಗೇ ಆಗಬೇಕು, ಪೈಪಿನ ಒಳಗಡೆಗೂ ಆರ್ಗನ್ ಬಿಡಬೇಕು. ಬಿಡದಿದ್ದರೆ ಹೊರಗೆ ಫಳಫಳ, ಒಳಗೆ ಸೀದ ಬೆಲ್ಲದ ಪಾಕದ ಥರ ಕರಿ ಗಂಟು.

ಈಗ ನಿಮ್ಮ ಗಾಡಿಗೇ ವಿಶೇಷವಾದ ವಿಷಯ. ಬಾಡಿ ಫೈಬರ್. ತಗಡಿನ ಕಾರಿಗೆ ಪೇಂಟ್ ಸುಟ್ಟರೆ ಮುಗೀತು, ಇಲ್ಲಿ ರೆಸಿನ್ ಮೆತ್ತಗಾಗಿ ಬಾಡಿಯೇ ಸೊಟ್ಟಗಾಗುತ್ತೆ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತೆ. ಹಾಗಾಗಿ ಗಾಡಿ ಕೆಳಗೆ ಟ್ಯಾಕ್ (ಚುಕ್ಕಿ ಚುಕ್ಕಿ ವೆಲ್ಡಿಂಗ್) ಮಾತ್ರ ಹೊಡೆಯಲಿ, ಅದೂ ಒದ್ದೆ ಗೋಣಿ ಅಡ್ಡ ಹಿಡಿದು. ಪೂರ್ತಿ ವೆಲ್ಡಿಂಗ್ ಕೆಳಗಿಳಿಸಿ ಬೆಂಚಿನ ಮೇಲೆ. ಅದಕ್ಕೂ ಮೊದಲು ಬ್ಯಾಟರಿ ಬಿಚ್ಚಿಸಿ, ಪೆಟ್ರೋಲ್ ಟ್ಯಾಂಕ್ ಎಷ್ಟು ದೂರ ಇದೆ ಅಂತ ಕಣ್ಣಾರೆ ನೋಡಿ. ಸೈಲೆನ್ಸರ್‌ಗೂ ಫೈಬರ್‌ಗೂ ಮಧ್ಯೆ ಅಲ್ಯೂಮಿನಿಯಂ ಶೀಟ್ ಹಾಕಿಸಿ, ಅದು ಫೈಬರ್‌ಗೆ ಅಂಟಿಕೊಂಡಿರಬಾರದು, ಗಾಳಿ ಓಡಾಡಬೇಕು. ಹೀಟ್ ವ್ರ್ಯಾಪ್ ಬಟ್ಟೆ ಸುತ್ತಿಸಬೇಡಿ, ಮಳೆ ನೀರು ಹಿಡಿದಿಟ್ಟುಕೊಂಡು ಪೈಪನ್ನೇ ತಿನ್ನುತ್ತೆ.

ಗ್ರೌಂಡ್ ಕ್ಲಿಯರೆನ್ಸ್ ಅಳೆಯುವಾಗ ಗಾಡಿ ಖಾಲಿ ಇರಬಾರದು. ಇಬ್ಬರು ಕೂತು, ಫುಲ್ ಟ್ಯಾಂಕ್ ಹಾಕಿ ಅಳೆಯಿರಿ. ಎಕ್ಸ್‌ಪ್ರೆಸ್‌ವೇನಲ್ಲಿ ಏನೂ ತೊಂದರೆ ಇಲ್ಲ, ಇಳಿದು ಊರೊಳಗೆ ಬಂದ ಮೇಲೆ ಸಿಗೋ ಹಂಪ್‌ಗಳು ನಿಮಗೇ ಗೊತ್ತು.

ಕಾನೂನಿನ ಮಾತು. ಕಂಪನಿ ಕೊಟ್ಟ ರೂಪ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ, ಸೌಂಡ್ ಮೇಲೆ ಕೇಸ್ ಬಿದ್ದರೆ ದಂಡ 10,000 ರೂಪಾಯಿವರೆಗೆ. ಹೊಗೆ ಕೆಳಕ್ಕಾಗಲಿ ಎಡಪಕ್ಕಕ್ಕಾಗಲಿ ಬಿಡಬಾರದು ಅನ್ನೋ ನಿಯಮವೂ ಇದೆ, ಎಡಗಡೆ ಟಿಪ್ ನೇರ ಹಿಂದಕ್ಕೇ ನೋಡಬೇಕು. ಮೊದಲು ಆರ್‌ಟಿಓದಲ್ಲಿ ಕೇಳಿ. ಕ್ಯಾಟ್ ಹಿಂದೆ ವೆಲ್ಡಿಂಗ್ ಬದಲು ಬೋಲ್ಟ್ ಹಾಕಿ ಬಿಚ್ಚೋ ಫ್ಲಾಂಜ್ ಹಾಕಿಸಿ, ಹಳೇ ಸೈಲೆನ್ಸರ್ ಗುಜರಿಗೆ ಹಾಕದೆ ಅಟ್ಟದ ಮೇಲಿಡಿ. ಎಫ್‌ಸಿ ಹೊತ್ತಿಗೆ ನಾಲ್ಕು ಬೋಲ್ಟ್‌ನಲ್ಲಿ ವಾಪಸ್ ಕೂರುತ್ತೆ.

ಮುಗಿದ ಮೇಲೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎರಡೂ ಟಿಪ್‌ಗೆ ಒದ್ದೆ ಬಟ್ಟೆ ಒತ್ತಿಹಿಡಿಯಿರಿ, ಇನ್ನೊಬ್ಬರು ಜಾಯಿಂಟ್‌ಗಳಿಗೆ ಸೋಪಿನ ನೀರು ಚಿಮುಕಿಸಲಿ. ಗುಳ್ಳೆ ಬಂದ ಕಡೆ ಲೀಕ್. ಇದನ್ನ ಬಿಡಬೇಡಿ, ಮೇಲ್ಛಾವಣಿ ತೆಗೆದು ಓಡಿಸೋ ಗಾಡಿಯಲ್ಲಿ ಹಿಂದಿನ ಹೊಗೆ ಸುತ್ತಿಕೊಂಡು ಸೀಟಿಗೇ ಬರುತ್ತೆ. ಟಿಪ್ ಬಂಪರಿನಿಂದ ಎರಡು ಬೆರಳು ಆಚೆ ಇದ್ದರೆ ಒಳ್ಳೇದು.

ವೈ ಜಾಯಿಂಟ್ ಮಾಡಿಸೋಕೆ ಮೈಸೂರಿನ ಬನ್ನಿಮಂಟಪದ ಕಡೆ ಬರೋದಾದರೆ ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ, ನಾನೂ ಬರ್ತೀನಿ. ಭಾನುವಾರ ಬೇಡ, ಲೇತಿನವರು ಬಾಗಿಲು ತೆಗೆಯಲ್ಲ.